ಲೆಟ್ ಎಂದರೆ ಬಾಡಿಗೆ ಎಂದವನು ನಾನೇ

ನೂರ ಎಂಬತ್ತು ರೂಪಾಯಿ. ಮಡಗಾಂವಿನ ಮಾರ್ಕೆಟ್ಟಿನ ಹಿಂದಿನ ರದ್ದಿ ಅಂಗಡಿಯವನು ಮುನ್ನೂರು ಹೇಳಿದ್ದ. ರಟ್ಟು ಕಿತ್ತಿದೆ, ಕೊನೆಯ ಪುಟಗಳೇ ಇಲ್ಲ, ತೂಕದ ಬೆಲೆಗೆ ಕೊಡು ಎಂದು ಪಟ್ಟು ಹಿಡಿದು ಕೂತೆ. ಅರ್ಧ ತಾಸು ಎಳೆದಾಡಿ ನೂರ ಎಂಬತ್ತಕ್ಕೆ ಇಳಿಸಿದೆ. ಅದೊಂದು ಹಳೆಯ ಇಂಗ್ಲಿಷ್ ಶಬ್ದಕೋಶ, ಎತ್ತಿದರೆ ಕೈ ಸೋಲುವಷ್ಟು ಭಾರ. ನನಗೆ ಬೇಕಾಗಿದ್ದದ್ದು ಅದರೊಳಗಿನ ಒಂದೇ ಶಬ್ದ, ಇಂಗ್ಲಿಷಿನಲ್ಲಿ ಮೂರೇ ಅಕ್ಷರದ್ದು. ಆ ಶಬ್ದದ ಅರ್ಥವನ್ನು ಒಬ್ಬ ಹೆಣ್ಣುಮಗಳಿಗೆ ಉಲ್ಟಾ ಹೇಳಿದ್ದೇನೋ ಏನೋ ಎಂಬ ಸಂಶಯ ನನ್ನನ್ನು ತಿನ್ನುತ್ತಿತ್ತು. ಸಂಶಯ ಖರೆಯಾಗಿದ್ದರೆ, ಇನ್ನೆಂಟು ದಿನದಲ್ಲಿ ಆಕೆ ಮನೆ ಬಿಡಬೇಕಾಗಿ ಬಂದದ್ದು ನನ್ನ ಬಾಯಿಂದ.

ನಾನು ರಾಜೇಸಾಬ, ಮುದ್ದೇಬಿಹಾಳದ ಕಡೆಯವನು. ಮೆಟ್ರಿಕ್ಕಿನಲ್ಲಿ ಇಂಗ್ಲಿಷಿಗೇ ನಪಾಸಾದವನು. ಹುಬ್ಬಳ್ಳಿಯಲ್ಲಿ ಟೈಪಿಂಗ್ ಕಲಿತು ಗೋವಾಕ್ಕೆ ಬಂದೆ. ಮಡಗಾಂವಿನಲ್ಲಿ ಸರ್ಕಾರಿ ಕಚೇರಿಯ ಎದುರಿನ ಕಟ್ಟಡದ ಪಡಸಾಲೆಯಲ್ಲಿ ಮೇಜು ಹಾಕಿ, ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು ಟೈಪ್ ಮಾಡಿಕೊಡುತ್ತ ಹೊಟ್ಟೆ ಹೊರೆದೆ. ನಮ್ಮ ಕಡೆಯ ಗೌಂಡಿಗಳು, ಬಂದರಿನ ಹಮಾಲರು, ಗಣಿಯ ಟ್ರಕ್ ಡ್ರೈವರುಗಳು ನನ್ನ ಗಿರಾಕಿಗಳು. ಅವರಿಗೆ ಬರುತ್ತಿದ್ದದ್ದು ಕನ್ನಡ, ಕಚೇರಿಗೆ ಬೇಕಾಗಿದ್ದದ್ದು ಇಂಗ್ಲಿಷ್, ನಡುವೆ ನಾನು. ನನಗೆ ಇದ್ದದ್ದು ಬೆರಳಿನ ಓಟ ಮತ್ತು ಬಾಯಿಯ ಧೈರ್ಯ.

ಈಗ ಕಂಪ್ಯೂಟರ್ ಅಂಗಡಿ ಇಟ್ಟು ಇದೇ ಕೆಲಸಕ್ಕೆ ಇಳಿಯುತ್ತಿರುವವರು ನನ್ನನ್ನು ಬಂದು ಕೇಳುತ್ತಾರೆ: ಎಷ್ಟು ಚಾರ್ಜು ಮಾಡಬೇಕು, ಯಾವ ಪ್ರಿಂಟರ್ ತೊಗೋಬೇಕು ಅಂತ. ಅದನ್ನೆಲ್ಲ ಹೇಳುತ್ತೇನೆ. ಆದರೆ ಈ ಕೆಲಸದಲ್ಲಿ ಮನುಷ್ಯ ಮುಗ್ಗರಿಸುವುದು ದರದಲ್ಲಿ ಅಲ್ಲ, ಶಬ್ದದಲ್ಲಿ. ಅದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ನನಗೆ ಮೇಲಿನವರು ಎಂದರೆ ಮಾಳಿಗೆಯ ಮೇಲಿದ್ದ ಮುದುಕ ನೋಟರಿ. ಎಲ್ಲರೂ ವಕೀಲ ಬಾಬ್, ಅಂದರೆ ಕೊಂಕಣಿಯಲ್ಲಿ ವಕೀಲ ಸಾಹೇಬರು, ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವರು ಕೈಯಲ್ಲಿ ಬರೆದು ಕೊಟ್ಟ ಕರಡನ್ನು ನಾನು ಟೈಪ್ ಮಾಡಬೇಕು. ಅದರ ಬದಲಿಗೆ ಅವರ ಕಟ್ಟಡದ ಪಡಸಾಲೆಯಲ್ಲಿ ನನಗೆ ಜಾಗ. ಮಾತು ಕೊಂಕಣಿಯಲ್ಲಿ, ಬೈಗುಳ ಹಿಂದಿಯಲ್ಲಿ, ಬರಹ ಮಾತ್ರ ಇಂಗ್ಲಿಷಿನಲ್ಲಿ. ಆ ಇಂಗ್ಲಿಷೋ, ಅವರು ಹರೆಯದಲ್ಲಿ ಮುಂಬೈಯ ಯಾವುದೋ ಹಿರಿಯ ವಕೀಲರ ಕೈಕೆಳಗೆ ಕಲಿತದ್ದು. ಪೇಪರಿನಲ್ಲಿ ಓದಿದ ಇಂಗ್ಲಿಷಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮೊದಲ ವರ್ಷವೇ ಡಿಚೋಲಿಯ ಒಂದು ಗಣಿ ಆಫೀಸಿಗೆ ಪತ್ರ ಹೋಗಬೇಕಿತ್ತು. ಕರಡಿನಲ್ಲಿ "ತಮ್ಮ ಹತ್ತನೇ ಇನ್‌ಸ್ಟ್ ಪತ್ರ ತಲುಪಿತು" ಎಂಬ ಅರ್ಥದ ಸಾಲು. ಇನ್‌ಸ್ಟ್ ಎಂದರೇನು? ನಾನು ಟೈಪಿಂಗ್ ಕಲಿತ ಕಡೆ ಬೋರ್ಡಿನ ಮೇಲೆ ಇನ್‌ಸ್ಟಿಟ್ಯೂಟನ್ನು ಹಾಗೇ ಚಿಕ್ಕದಾಗಿ ಬರೆದಿದ್ದರು. ಬಾಬ್ ಅವಸರದಲ್ಲಿ ಅರ್ಧ ಬರೆದಿದ್ದಾರೆ, ಪೂರ್ತಿ ಮಾಡೋಣ ಎಂದು "ಹತ್ತನೇ ಇನ್‌ಸ್ಟಿಟ್ಯೂಟ್" ಎಂದು ಟೈಪ್ ಮಾಡಿದೆ. ಹದಿನೈದು ದಿನಕ್ಕೆ ಉತ್ತರ ಬಂತು: ನಮ್ಮಲ್ಲಿ ಒಂದೂ ಇನ್‌ಸ್ಟಿಟ್ಯೂಟ್ ಇಲ್ಲ, ಹತ್ತನೆಯದು ಎಲ್ಲಿಂದ ಬಂತು?

"ಕಿತೆಂ ರೇ ರಾಜಾ, ಇನ್‌ಸ್ಟ್ ಎಂದರೆ ಈ ತಿಂಗಳು! ಅಲ್ಟಿಮೋ ಎಂದರೆ ಹೋದ ತಿಂಗಳು," ಎಂದು ಬಾಬ್ ಮೇಲಿನಿಂದಲೇ ಕೂಗಿದರು.

"ಹಾಗಿದ್ದರೆ ಈ ತಿಂಗಳು ಎಂದೇ ಬರೀಬಹುದಿತ್ತಲ್ಲ, ಬಾಬ್?"

"ಹಾಗೆ ಬರೆದರೆ ನನ್ನ ಹತ್ತಿರ ಯಾರು ಬರುತ್ತಾರೆ?"

ಮಾತು ಖರೆ ಇತ್ತು. ಗಿರಾಕಿಗಳಿಗೂ ತಿಳಿಯದ ಇಂಗ್ಲಿಷೇ ಬೇಕಾಗಿತ್ತು. ತಿಳಿದುಬಿಟ್ಟರೆ ಇಷ್ಟಕ್ಕೆ ಯಾಕೆ ದುಡ್ಡು ಎನ್ನುತ್ತಿದ್ದರು. ಬಂದರಿನ ಹಮಾಲ ಹನುಮಪ್ಪ ಒಬ್ಬನೇ ತಕರಾರು ತೆಗೆದವನು. ಪಗಾರ ಕೊಡದ ಗುತ್ತಿಗೆದಾರನಿಗೆ ಬರೆದ ಅರ್ಜಿಯ ಕೊನೆಯ ಸಾಲನ್ನು ಅವನಿಗೆ ಓದಿ ಹೇಳಿದೆ, ನಿಮ್ಮ ಅತ್ಯಂತ ವಿಧೇಯ ಸೇವಕ ಎಂದು.

"ಸೇವಕ ಅಂದ್ರ ಆಳಲ್ರಿ?"

"ಹಂಗ ಬರೀತಾರಪ, ಪದ್ಧತಿ."

"ಯಾರ ಪದ್ಧತಿ? ಅಂವಾ ನನ್ನ ಪಗಾರ ಹಿಡದಾನ, ನಾ ಅವನ ಆಳ ಅಂತ ಸಹಿ ಮಾಡ್ಲೇನು? ತಗೀರಿ ಅದನ್ನ."

ತೆಗೆದೆ. ಅರ್ಜಿ ಏನೂ ಕೆಡಲಿಲ್ಲ. ಅವತ್ತೇ ನಾನು ಬುದ್ಧಿ ಕಲಿಯಬೇಕಿತ್ತು.

ಕಲಿಯದಿರಲು ಕಾರಣ ಡಿಮೈಸ್ ಎಂಬ ಶಬ್ದ. ನಮ್ಮ ಕಡೆಯ ಈರಪ್ಪ ಒಂದು ಮಳಿಗೆ ಹಿಡಿಯುತ್ತಿದ್ದ. ಬಾಬ್ ಬರೆದ ಕರಾರಿನ ತುಂಬ "ಡಿಮೈಸ್ಡ್ ಪ್ರಿಮೈಸಸ್" ಎಂದಿತ್ತು. ಡಿಮೈಸ್ ಎಂದರೆ ಸಾವು, ಇದು ನನಗೆ ಪೇಪರ್ ಓದಿ ಗೊತ್ತಿತ್ತು. ಈರಪ್ಪನನ್ನು ಪಕ್ಕಕ್ಕೆ ಕರೆದೆ.

"ಈರಪ್ಪಾ, ಈ ಅಂಗಡ್ಯಾಗ ಯಾರೋ ಸತ್ತಾರ."

"ಯಾರ್ರಿ?"

"ಹೆಸರ ಇಲ್ಲ. ಸತ್ತ ಜಾಗಾ ಅಂತ ಆರು ಕಡೆ ಬರದಾರ ನೋಡು."

"ಆರು ಮಂದಿ ಸತ್ತಾರೇನ್ರಿ!"

ಅವನು ಓಡಿಹೋಗುವವನಿದ್ದ. ತಡಿ ಎಂದು ಅವನನ್ನು ಕೂರಿಸಿ ಮಾಲೀಕನ ಹತ್ತಿರ ಹೋದೆ. ಇಂಥ ಜಾಗಕ್ಕೆ ಇಷ್ಟು ಬಾಡಿಗೆ ಕೇಳಬಹುದೇ ಎಂದೆ. ಮಾಲೀಕ ಗಾಬರಿಯಾದ. "ನಮ್ಮಪ್ಪ ಕೂಡ ಸತ್ತದ್ದು ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಅಲ್ಲ ಮಾರಾಯ!" ಎಂದ. ಆದರೂ ಸುದ್ದಿ ಹಬ್ಬೀತು ಎಂದು ಹೆದರಿ ಬಾಡಿಗೆ ಇಳಿಸಿದ. ಬಾಬ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಿಮೈಸ್ ಎಂದರೆ ಸ್ವತ್ತನ್ನು ಕರಾರಿನ ಮೇಲೆ ಇನ್ನೊಬ್ಬರ ಕೈಗೆ ಬಿಟ್ಟುಕೊಡುವುದು. ರಾಜ ಸತ್ತರೆ ರಾಜ್ಯ ಇನ್ನೊಬ್ಬರ ಕೈಗೆ ಹೋಗುತ್ತದಲ್ಲ, ಹಾಗಾಗಿ ಸಾವಿಗೂ ಅದೇ ಶಬ್ದ ಹತ್ತಿಕೊಂಡಿತು ಎಂದು ಬಿಡಿಸಿ ಹೇಳಿದರು. ನನ್ನ ತಲೆ ಗಿರ್ ಎಂದಿತು. ಬಾಡಿಗೆಗೂ ಸಾವಿಗೂ ಒಂದೇ ಶಬ್ದವೆಂದರೆ ಇದನ್ನು ಮಾತಾಡುವವರು ಬದುಕುವುದಾದರೂ ಹೇಗೆ? ಆದರೆ ಈರಪ್ಪನ ಕಣ್ಣಲ್ಲಿ ನಾನು ದೊಡ್ಡವನಾಗಿದ್ದೆ. ತಪ್ಪು ಅರ್ಥದಿಂದ ಲಾಭವಾಗಿಬಿಟ್ಟರೆ ಮನುಷ್ಯ ತಿದ್ದಿಕೊಳ್ಳುವುದಿಲ್ಲ. ಇದು ನನ್ನ ಅನುಭವ.

ಇನ್ನು ಶಾಂತವ್ವನ ವಿಷಯ.

ಶಾಂತವ್ವ ಹುನಗುಂದದ ಕಡೆಯವಳು. ಮೊದಲು ಕಟ್ಟಡಗಳಲ್ಲಿ ಕಾಂಕ್ರೀಟ್ ಹೊರುತ್ತಿದ್ದಳು. ಆಮೇಲೆ ಮಡಗಾಂವಿನ ಅಂಚಿನ ಒಂದು ಹಳೆಯ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಗಂಡ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಳು. ಗಂಡ ಗಣಿಯ ಟ್ರಕ್ ಓಡಿಸುತ್ತ ವಾರಕ್ಕೊಮ್ಮೆ ಬರುವವನು. ಮನೆಯೊಡತಿ ಮಕ್ಕಳಿಲ್ಲದ ಕ್ರಿಶ್ಚಿಯನ್ ವಿಧವೆ. ಶಾಂತವ್ವ ಆಕೆಯನ್ನು ಮಾಯಿ ಎನ್ನುತ್ತಿದ್ದಳು. ಮಾಯಿ ಕಾಲು ಸೋತು ಹಾಸಿಗೆ ಹಿಡಿದ ಮೇಲೆ ಸ್ನಾನ, ಊಟ, ಔಷಧ, ಎಲ್ಲ ಶಾಂತವ್ವನ ಕೈಯಲ್ಲೇ. ಬಾಡಿಗೆ ಎಂದೋ ನಿಂತುಹೋಗಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಮಾಯಿ ವಕೀಲ ಬಾಬರನ್ನು ಮನೆಗೆ ಕರೆಸಿ ಒಂದು ಕಾಗದ ಮಾಡಿಸಿದಳು. ಅದನ್ನು ಟೈಪ್ ಮಾಡಿದವನು ನಾನೇ. ಏನು ಬರೆದಿತ್ತು ಎಂದು ಕೇಳಬೇಡಿ. ಟೈಪ್ ಮಾಡುವವನ ಬೆರಳು ಓದುತ್ತದೆ, ತಲೆ ಓದುವುದಿಲ್ಲ. ಮಾಯಿ ಸಹಿ ಮಾಡಿದಳು, ಬಾಬ್ ಮೊಹರು ಒತ್ತಿದರು, ಶಾಂತವ್ವ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನೊಳಗಿಟ್ಟಳು.

ಐದಾರು ವರ್ಷದ ಮೇಲೆ ಮಾಯಿ ತೀರಿಕೊಂಡಳು. ಅಷ್ಟರಲ್ಲಿ ಬಾಬ್ ಕೂಡ ಹೋಗಿಬಿಟ್ಟಿದ್ದರು. ಟೈಪ್‌ರೈಟರ್ ಮೂಲೆ ಸೇರಿ ನನ್ನ ಮೇಜಿನ ಮೇಲೆ ಕಂಪ್ಯೂಟರ್ ಬಂದಿತ್ತು. ಬಾಬರ ಹಳೆಯ ಸಾಲುಗಳನ್ನೇ ಒಂದೊಂದು ಫೈಲಿನಲ್ಲಿ ಇಟ್ಟುಕೊಂಡು, ಹೆಸರಷ್ಟೇ ಬದಲಿಸಿ ಪ್ರಿಂಟ್ ಹೊಡೆಯುತ್ತಿದ್ದೆ. ಮೊದಲು ಬೆರಳಾದರೂ ಓದುತ್ತಿತ್ತು, ಈಗ ಅದೂ ಇಲ್ಲ.

ಮಾಯಿಯ ತಂಗಿಯ ಮಗ ಆಗ್ನೆಲ್, ಹಡಗಿನಲ್ಲಿ ಕೆಲಸ ಮಾಡುವವನು, ರಜೆ ಹಾಕಿ ಬಂದ. ಮನೆ ಮಾರುತ್ತೇನೆ, ತಿಂಗಳ ಕೊನೆಗೆ ಖಾಲಿ ಮಾಡು ಎಂದ. ಶಾಂತವ್ವ ಕಾಗದ ಹಿಡಿದು ನನ್ನ ಹತ್ತಿರ ಬಂದಳು.

"ರಾಜೇಸಾಬಣ್ಣ, ಇದರಾಗ ಏನ ಐತಿ ಓದ್ರಿ. ಮಾಯಿ ಸಾಯೂಮುಂದ ನನ್ನ ಕೈ ಹಿಡದು, ಕಾಗದ ಐತಿ, ಅಂಜಬ್ಯಾಡ ಅಂದಾಳ."

ಓದಿದೆ. ಸದರಿ ಶಾಂತವ್ವ ಹಿಂದಿನ ಎರಡು ಖೋಲಿಗಳಲ್ಲಿ ವಾಸಿಸತಕ್ಕದ್ದು, "ವಿದೌಟ್ ಲೆಟ್ ಆರ್ ಹಿಂಡ್ರನ್ಸ್", ನನ್ನ ವಾರಸುದಾರರಿಂದ. ಇಷ್ಟೇ ಮುಖ್ಯ ಸಾಲು. ವಿದೌಟ್ ಎಂದರೆ ಇಲ್ಲದೆ, ಹಿಂಡ್ರನ್ಸ್ ಎಂದರೆ ಅಡ್ಡಿ. ಲೆಟ್ ಎಂದರೆ? ಗೋವಾದಲ್ಲಿ ಎರಡು ಮನೆಗೊಂದು ಗೇಟಿನ ಮೇಲೆ "ಟು ಲೆಟ್" ಬೋರ್ಡು ತೂಗುತ್ತದೆ. ಬಾಡಿಗೆ ಕರಾರು ಮಾಡಿ ಮಾಡಿ ಬೆರಳು ಸವೆಸಿದವನು ನಾನು. ಲೆಟ್ ಎಂದರೆ ಬಾಡಿಗೆಗೆ ಕೊಡುವುದು, ಇದರಲ್ಲಿ ಯೋಚಿಸುವುದೇನು?

"ತಂಗಿ, ಇದು ನಿನಗ ಬಾಡಿಗಿಗೆ ಕೊಟ್ಟ ಜಾಗಾ ಅಲ್ಲ ಅಂತ ಬರದಾರ. ವಾರಸುದಾರರ ಕಡಿಂದ ಬಾಡಿಗಿ ಕರಾರ ಇಲ್ಲ, ಮತ್ತ ಅವರಿಗೆ ನೀ ಅಡ್ಡಿ ಆಗಬಾರದು. ಆಕಿ ಇರೂತನಕ ಇರು, ಆಮ್ಯಾಲ ಹೋಗು ಅಂದಂಗ."

ಶಾಂತವ್ವ ಖಾಲಿ ಪ್ಲಾಸ್ಟಿಕ್ ಚೀಲವನ್ನು ಮಡಚಿದಳು. ಆಮೇಲೆ ಕೇಳಿದಳು, "ಹಂಗಾದ್ರ ಅಂಜಬ್ಯಾಡ ಅಂದಿದ್ದು ಸುಳ್ಳೇನ್ರಿ?"

"ಮುದುಕಿ ನಿನ್ನ ಸಮಾಧಾನಕ್ಕ ಅಂದಿರಬೇಕು."

"ಏಳು ವರ್ಷ ಆಕಿ ಹಾಸಿಗಿ ಬಳದೇನಿ, ಅಣ್ಣಾ. ಸಮಾಧಾನ ಮಾಡಾಕ ಕಾಗದ ಯಾಕ ಬೇಕಿತ್ತು?"

ಉತ್ತರ ಇಲ್ಲದ ಕಡೆ ನಾನು ಯಾವಾಗಲೂ ಚೌಕಾಸಿಗೆ ಇಳಿಯುವವನು. ಕಾಗದವನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಆಗ್ನೆಲ್‌ನ ಹತ್ತಿರ ಹೋಗಿ, ಮಕ್ಕಳ ಶಾಲೆ ನಡೆದಿದೆ, ರೇಷನ್ ಕಾರ್ಡ್ ಈ ವಿಳಾಸದ್ದು, ಹೊರಹಾಕಿದರೆ ಜನ ಏನೆಂದಾರು ಎಂದು ಮಾತು ಹೆಣೆದೆ. ತಿಂಗಳ ಕೊನೆಯನ್ನು ದಾಟಿಸಿ ಮುಂದಿನ ತಿಂಗಳ ಹದಿನೈದಕ್ಕೆ ತಂದೆ, ಸಾಮಾನು ಸಾಗಿಸಲು ಟೆಂಪೋ ಅವನದೇ ಎಂದು ಒಪ್ಪಿಸಿದೆ. ಗೆದ್ದೆ ಎಂದುಕೊಂಡು ಬಂದೆ. ಶಾಂತವ್ವ ಹೂಂ ಎಂದಳು, ಅಷ್ಟೆ. ಅವನು ಹೇಳಿದ್ದಕ್ಕಿಂತ ಹದಿನೈದು ದಿನ ಹೆಚ್ಚು ಕೊಡಿಸಿದ್ದೇನೆ, ಒಂದು ಚಲೋ ಮಾತಾದರೂ ಆಡಬಾರದೇ ಎಂದು ನನಗೇ ಸಿಟ್ಟು ಬಂತು.

ಆಮೇಲೆ ಒಂದು ದಿನ ಕುವೈತಿಗೆ ಹೊರಟ ಒಬ್ಬ ಪ್ಲಂಬರ್ ಅಫಿಡವಿಟ್ಟಿಗೆಂದು ಬಂದ. ನಂಬರ್ ನೋಡಿಕೊಳ್ಳಲು ಅವನ ಪಾಸ್‌ಪೋರ್ಟ್ ತೆರೆದೆ. ಸಾವಿರ ಪಾಸ್‌ಪೋರ್ಟ್ ತೆರೆದಿದ್ದೇನೆ. ನಂಬರ್ ಬಿಟ್ಟು ಬೇರೇನೂ ನೋಡಿದವನಲ್ಲ. ಅವತ್ತು ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಅದು ಬಿಡುವತನಕ ಕಣ್ಣು ಮುಂದಿನ ಪುಟದ ಮೇಲೆ ಓಡಿತು. ಈ ಪಾಸ್‌ಪೋರ್ಟ್ ಹಿಡಿದವನನ್ನು ಹೋಗಗೊಡಿರಿ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಕೇಳುವ ಸಾಲು. ಹೇಗೆ ಹೋಗಗೊಡಬೇಕು? "ವಿದೌಟ್ ಲೆಟ್ ಆರ್ ಹಿಂಡ್ರನ್ಸ್."

ಮೊದಲು ನನಗೆ ಏನೂ ಹೊಳೆಯಲಿಲ್ಲ. ಕುವೈತಿನಲ್ಲಿ ಇವನಿಗೆ ಬಾಡಿಗೆ ಮನೆ ಕೊಡಬೇಡಿ ಎಂದು ರಾಷ್ಟ್ರಪತಿಗಳು ಯಾಕೆ ಹೇಳುತ್ತಾರೆ? ಎರಡು ಸಲ ಓದಿದೆ. ಮೇಲೆಯೇ ಹಿಂದಿಯಲ್ಲೂ ಅದೇ ಸಾಲಿತ್ತು. ಅಲ್ಲಿ ಬಾಡಿಗೆಯ ಮಾತೇ ಇಲ್ಲ. "ಬಿನಾ ರೋಕ್ ಟೋಕ್" ಎಂದಿತ್ತು. ಯಾರೂ ತಡೆಯದಂತೆ.

ಶಾಂತವ್ವನ ಕಾಗದ ನೆನಪಾಯಿತು. ಆದರೂ ನಂಬಲಿಲ್ಲ. ಹಿಂದಿಯವರು ತಪ್ಪು ಮಾಡಿರಬಹುದು ಎಂದುಕೊಂಡೆ! ನನ್ನ ಮೇಜಿನ ಸಣ್ಣ ಡಿಕ್ಷನರಿಯಲ್ಲಿ ಲೆಟ್‌ಗೆ ಬಿಡು, ಬಾಡಿಗೆಗೆ ಕೊಡು, ಇಷ್ಟೇ ಇತ್ತು. ಕೇಳೋಣವೆಂದರೆ ಬಾಬ್ ಇಲ್ಲ. ಪಕ್ಕದ ಎಳೆಯ ವಕೀಲರೊಬ್ಬರನ್ನು ಕೇಳಿದರೆ, "ಅದು ಹಾಗೇ ಹಾಕುವ ಸಾಲು, ಅರ್ಥ ಯಾರು ನೋಡುತ್ತಾರೆ?" ಎಂದರು. ಹಾಗೆ ರದ್ದಿ ಅಂಗಡಿಗೆ ಹೋದದ್ದು.

ಆ ದೊಡ್ಡ ಪುಸ್ತಕದಲ್ಲಿ ಲೆಟ್ ಎರಡು ಇದ್ದವು. ಒಂದು, ಬಿಡುವುದು. ಎರಡನೆಯದು, ತಡೆಯುವುದು, ಅಡ್ಡಿ. ಹಳೆಯ ಬಳಕೆ ಎಂದು ಪಕ್ಕದಲ್ಲಿ ಸಣ್ಣ ಅಕ್ಷರ. ಬರೆಯುವುದು ಒಂದೇ ರೀತಿ, ಅನ್ನುವುದೂ ಒಂದೇ ರೀತಿ, ಅರ್ಥ ಒಂದರ ಎದುರು ಒಂದು. ಅಂಗಡಿಯ ಮೆಟ್ಟಿಲ ಮೇಲೇ ಕೂತು ಬಹಳ ಹೊತ್ತು ನೋಡಿದೆ. ನಮ್ಮಲ್ಲಿ ಬಾ ಎಂಬುದಕ್ಕೂ ಹೋಗು ಎಂಬುದಕ್ಕೂ ಒಂದೇ ಶಬ್ದವಿದ್ದರೆ ಮನೆಯಲ್ಲಿ ಯಾರಾದರೂ ಉಳಿಯುತ್ತಿದ್ದರೇ? ಮಾಯಿಯ ಕಾಗದವನ್ನು ಈ ಎರಡನೆಯ ಅರ್ಥದಿಂದ ಓದಿದೆ: ಶಾಂತವ್ವ ಈ ಖೋಲಿಗಳಲ್ಲಿ ಇರತಕ್ಕದ್ದು, ನನ್ನ ವಾರಸುದಾರರು ಯಾರೂ ತಡೆಯದಂತೆ, ಅಡ್ಡಿ ಮಾಡದಂತೆ. ಒಂದು ಗಂಟೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಹೋದೆ. ಆಗ್ನೆಲ್ ಮುಂದಿನ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ. ಹಿಂದಿನಿಂದ ಶಾಂತವ್ವ ಪಾತ್ರೆಯ ಗೋಣಿಚೀಲ ಎಳೆಯುವ ಸದ್ದು ಕೇಳುತ್ತಿತ್ತು. ಕರೆದೆ, ಬಂದು ಕಂಬದ ಹತ್ತಿರ ನಿಂತಳು.

"ಆಗ್ನೆಲ್ ಬಾಬ್, ಕಾಗದದ ಅರ್ಥ ನಾನು ತಪ್ಪು ಹೇಳಿದ್ದೆ. ಲೆಟ್ ಎಂದರೆ ಬಾಡಿಗೆ ಅಲ್ಲ, ತಡೆ. ಈಕೆಯನ್ನು ತಡೆಯಬಾರದು ಎಂದಿದೆ."

ಅವನು ನಕ್ಕ. ಮಾತು ಕೊಂಕಣಿಯಲ್ಲಿ ನಡೆಯಿತು. "ಮೊನ್ನೆ ನೀನೇ ಬಂದು ಹದಿನೈದು ದಿನ ಕೊಡಿ ಎಂದು ಕೈ ಮುಗಿದೆ. ಟೆಂಪೋನೂ ನನ್ನ ತಲೆಗೇ ಕಟ್ಟಿದೆ. ಈಗ ಅರ್ಥವೇ ಬದಲಾಯಿತಾ? ನಾಳೆ ಇನ್ನೊಂದು ಬರುತ್ತದಾ?"

ಶಬ್ದಕೋಶ ತೆಗೆದು ತೋರಿಸಿದೆ. ಸಣ್ಣ ಅಕ್ಷರವನ್ನು ಅವನು ತಕ್ಷಣ ಹಿಡಿದ. "ಹಳೆಯ ಬಳಕೆ ಎಂದಿದೆ ನೋಡು. ಈಗ ಯಾರೂ ಹೀಗೆ ಬರೆಯುವುದಿಲ್ಲ."

ಪುಸ್ತಕ ಮುಚ್ಚಿದೆ. ಆದರೆ ಚೌಕಾಸಿಯಲ್ಲಿ ಒಂದು ಪಾಠವಿದೆ, ಎದುರಿನವನ ಕಿಸೆಯಲ್ಲಿರುವುದನ್ನು ನೆನಪಿನಲ್ಲಿಡಬೇಕು. "ನಿಮ್ಮ ಪಾಸ್‌ಪೋರ್ಟ್ ತನ್ನಿ," ಎಂದೆ.

"ಯಾಕೆ?"

"ತನ್ನಿ, ಹೇಳುತ್ತೇನೆ."

ತಂದ. ಸಾಲಿನ ಮೇಲೆ ಬೆರಳಿಟ್ಟೆ. ಅವನು ಇಂಗ್ಲಿಷ್ ಓದಿದ, ಹಿಂದಿ ಓದಿದ, ಮತ್ತೆ ಇಂಗ್ಲಿಷ್ ಓದಿದ.

"ಇದು ಇಲ್ಲೂ ಇದೆಯಾ?" ಎಂದ. "ಹದಿನಾರು ವರ್ಷದಿಂದ ಕಿಸೆಯಲ್ಲಿಟ್ಟು ತಿರುಗುತ್ತಿದ್ದೇನೆ, ಓದಿಯೇ ಇಲ್ಲ."

"ಪ್ರತಿ ಬಂದರಿನಲ್ಲಿ ನೀವು ಇಳಿಯುವುದು ಈ ಮಾತಿನ ಮೇಲೆ. ಅದೇ ಮಾತನ್ನು ನಿಮ್ಮ ದೊಡ್ಡಮ್ಮ ಈಕೆಗೆ ಕೊಟ್ಟಿದ್ದಾಳೆ. ನಿಮಗೆ ನಡೆಯುತ್ತದೆ, ಈಕೆಗೆ ಹಳೆಯದಾಯಿತಾ?"

ಅವನು ಪಾಸ್‌ಪೋರ್ಟ್ ಮುಚ್ಚಿ ಕಿಸೆಗಿಟ್ಟ. ಚಹಾ ಆರಿಹೋಯಿತು. ಕೊನೆಗೆ, ನನ್ನ ವಕೀಲರನ್ನು ಕೇಳುತ್ತೇನೆ ಎಂದ. ಕೇಳಿದ. ಅವರು ಏನೆಂದರೋ ನನಗೆ ತಿಳಿಯದು. ಅವನು ಮುಂದಿನ ಭಾಗಕ್ಕೆ ಬೀಗ ಹಾಕಿ, ಹಿಂದಿನ ಎರಡು ಖೋಲಿಗಳನ್ನು ಮುಟ್ಟದೆ ಹಡಗಿಗೆ ಹೋದ. ನಾನು ಕೆಲಸ ಬಿಡುವತನಕ ಶಾಂತವ್ವ ಅಲ್ಲೇ ಇದ್ದಳು.

ಆದರೆ ಆ ಬೆಳಿಗ್ಗೆ ಆಕೆ ಖೋಲಿಯ ಮಾತನ್ನೇ ಎತ್ತಲಿಲ್ಲ. ನಾನು ಕನ್ನಡದಲ್ಲಿ ಪೂರ್ತಿ ಹೇಳಿ ಮುಗಿಸಿದ ಮೇಲೆ ಕೇಳಿದ್ದು ಇಷ್ಟು:

"ಅಂದ್ರ ಮಾಯಿ ಖರೇನ ಬರಸಿದ್ಳು?"

"ಹೌದವ್ವ. ಖರೇನ ಬರಸ್ಯಾಳ."

"ನೀವು ಹೇಳಿದ ದಿನದಿಂದ ನಾ ಆಕಿ ಗೋರಿ ಕಡೆ ಹೋಗಿಲ್ರಿ. ಮೇಣಬತ್ತಿ ಹಚ್ಚಿಲ್ಲ. ಮನಿಯೊಳಗಿನ ಆಕಿ ಫೋಟೋನೂ ಗ್ವಾಡಿ ಕಡೆ ತಿರುವಿ ಇಟ್ಟೇನಿ." ಕಂಬ ಬಿಟ್ಟು ಮುಂದೆ ಬಂದು ಅಂದಳು, "ಓದೂದು ತಪ್ಪಿದ್ದು ನೀವು, ಅಣ್ಣಾ. ಬೈಸ್ಕೊಂಡಾಕಿ ಆಕಿ."

ಕಾಗದಕ್ಕೆ ಕೈ ಚಾಚಿದಳು. ಕೊಟ್ಟೆ. ಆಮೇಲೆ ಎಷ್ಟೋ ಅರ್ಜಿಗೆ ನನ್ನ ಹತ್ತಿರವೇ ಬಂದಳು, ಮಕ್ಕಳ ಶಾಲೆಯದು, ಗ್ಯಾಸಿನದು. ಆದರೆ ಆ ಕಾಗದವನ್ನು ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರೇ, ಹಳೆಯ ಇಂಗ್ಲಿಷಿನಲ್ಲಿ ಕಷ್ಟದ ಶಬ್ದಕ್ಕೆ ಹೆದರಬೇಡಿ, ಅದನ್ನು ಹೇಗೂ ಹುಡುಕಿ ನೋಡುತ್ತೀರಿ. ಹೆದರಬೇಕಾದದ್ದು ನಿಮಗೆ ಗೊತ್ತಿದೆ ಅನ್ನಿಸುವ ಚಿಕ್ಕ ಶಬ್ದಕ್ಕೆ. ಲೆಟ್, ಸೇವ್, ವಾಂಟ್. ಹಳೆಯ ಕಾಗದದಲ್ಲಿ ಸೇವ್ ಎಂದರೆ ಉಳಿಸುವುದಲ್ಲ, ಹೊರತು. ವಾಂಟ್ ಎಂದರೆ ಬೇಕು ಅಲ್ಲ, ಕೊರತೆ. ನೀವು ಮಾಡಿದ ಅರ್ಥದಿಂದ ಸಾಲು ಸೊಟ್ಟಗಾದರೆ, ಬರೆದವರು ಹುಚ್ಚರು ಎನ್ನುವ ಮೊದಲು ಶಬ್ದವನ್ನು ಅನುಮಾನಿಸಿ. ಗೊತ್ತಿಲ್ಲದಿದ್ದರೆ ನಾಳೆ ಬಾ ಎನ್ನಿ; ಗಿರಾಕಿ ಓಡಿಹೋಗುವುದಿಲ್ಲ, ಹೋದರೂ ಹೋಗಲಿ. ಫೈಲಿನಲ್ಲಿ ತುಂಬಿಟ್ಟ ಸಾಲುಗಳನ್ನು ಪ್ರಿಂಟ್ ಹೊಡೆಯುವ ಮೊದಲು ಒಮ್ಮೆ ಬಾಯಿಬಿಟ್ಟು ಓದಿ. ಎಲ್ಲಕ್ಕಿಂತ ಹೆಚ್ಚಾಗಿ, ಯಾವುದೇ ಕಾಗದಕ್ಕೆ ಸಹಿ ಬೀಳುವ ಮೊದಲು ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ, ಅವರವರ ಮಾತಿನಲ್ಲಿ ಓದಿ ಹೇಳಿ. ನೀವು ಹೇಳಿದ್ದು ಇದೇ ಹೌದೋ ಎಂದು ಕೊಡುವವರನ್ನು ಕೇಳಿ. ಅವರು ಹೌದು ಎಂದದ್ದನ್ನು ತೆಗೆದುಕೊಳ್ಳುವವರು ಕಿವಿಯಾರೆ ಕೇಳಲಿ. ಹತ್ತು ನಿಮಿಷದ ಕೆಲಸ. ಇದೊಂದಕ್ಕೆ ಮಾತ್ರ ಚಾರ್ಜು ಹಾಕಬೇಡಿ.